ತಪ್ಪಾಯ್ತು ಎಂದ ಸಿಸ್ಟರ್‌ಗೆ ಆಸ್ಪತ್ರೆ ಏನು ಮಾಡುತ್ತದೆ?

ಸಿಸೇರಿಯನ್‌ಗೆ ಮುಂಚೆ ಬೆನ್ನಿಗೆ ಕೊಡುವ ಅರಿವಳಿಕೆ ಔಷಧ ಬುಪಿವಕೇನ್ ಹೆವಿ. 4 ಮಿ.ಲೀ.ನ ಸಣ್ಣ ಗಾಜಿನ ಆಂಪೂಲ್, ಅಂದರೆ ತಲೆ ಮುರಿದು ತೆರೆಯುವ ಪುಟ್ಟ ಶೀಶೆ. ಅದರಲ್ಲಿ 2 ಮಿ.ಲೀ. ಆಸುಪಾಸು ಕೊಟ್ಟರೆ ಸಾಕು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ರಕ್ತನಾಳಕ್ಕೆ ಕೊಡುವ ಔಷಧ ಟ್ರಾನೆಕ್ಸಾಮಿಕ್ ಆ್ಯಸಿಡ್. ಅದೂ ಗಾಜಿನ ಆಂಪೂಲೇ, 5 ಮಿ.ಲೀ.ನದು, ಒಳಗೆ 500 ಮಿ.ಗ್ರಾಂ. ಔಷಧ. ಎರಡೂ ನೀರಿನಷ್ಟೇ ತಿಳಿ. ಎರಡರ ಮೇಲೂ ಸಾಸಿವೆ ಕಾಳಿನಂಥ ಅಕ್ಷರ. ಒಂದೇ ಟ್ರೇನಲ್ಲಿ ಪಕ್ಕಪಕ್ಕ ಇದ್ದು, ತಲೆ ಮುರಿದು ಸಿರಿಂಜ್‌ಗೆ ಎಳೆದುಕೊಂಡ ಮೇಲೆ ಯಾವುದು ಯಾವುದೆಂದು ನೋಡಿ ಹೇಳಲು ಎಂಥ ಅನುಭವಿಗೂ ಆಗದು.

ರಕ್ತನಾಳಕ್ಕೆ ಹೋದರೆ ತಾಯಿಯನ್ನು ಉಳಿಸುವ ಈ ಟ್ರಾನೆಕ್ಸಾಮಿಕ್ ಆ್ಯಸಿಡ್ ಬೆನ್ನಿಗೆ ಹೋದರೆ ಜೀವ ತೆಗೆಯಬಲ್ಲದು. ಕೆಲವೇ ನಿಮಿಷಗಳಲ್ಲಿ ಬೆನ್ನು ಮತ್ತು ಪೃಷ್ಠದಲ್ಲಿ ತಡೆಯಲಾಗದ ನೋವು, ಕಾಲುಗಳ ಅದುರು, ಫಿಟ್ಸ್, ಆಮೇಲೆ ಹೃದಯದ ಬಡಿತವೇ ದಾರಿ ತಪ್ಪುವುದು. ಜಗತ್ತಿನ ಬೇರೆಬೇರೆ ಕಡೆ ವರದಿಯಾದ ಇಂಥ 21 ಪ್ರಕರಣಗಳನ್ನು ಒಟ್ಟು ಮಾಡಿ ನೋಡಿದ ಅಧ್ಯಯನವೊಂದು 2019ರಲ್ಲಿ ಬಂತು. ಅವರಲ್ಲಿ 10 ಮಂದಿ ಸತ್ತಿದ್ದರು. ಬಹುತೇಕ ಎಲ್ಲ ಪ್ರಕರಣಗಳಲ್ಲೂ ಕಾರಣ ಒಂದೇ, ಆಂಪೂಲ್ ಅದಲುಬದಲು. ಹೆರಿಗೆಯ ರಕ್ತಸ್ರಾವಕ್ಕೆ 3 ಗಂಟೆಯೊಳಗೆ 1 ಗ್ರಾಂ ಟ್ರಾನೆಕ್ಸಾಮಿಕ್ ಆ್ಯಸಿಡ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿದ ಮೇಲೆ ಆ ಔಷಧ ಹೆರಿಗೆ ಓಟಿಗಳಲ್ಲೆಲ್ಲ (ಆಪರೇಷನ್ ಥಿಯೇಟರ್) ಕೈಗೆಟಕುವ ಜಾಗಕ್ಕೆ ಬಂತು. ಶಿಫಾರಸು ಸರಿಯಾದದ್ದೇ, ಅದರಿಂದ ಜೀವಗಳು ಉಳಿದಿವೆ. ಆದರೆ ಹೊಸ ಆಂಪೂಲ್ ಟ್ರೇನಲ್ಲಿ ಎಲ್ಲಿ ಕೂರಬೇಕೆಂದು ಯಾರೂ ಯೋಚಿಸಿರಲಿಲ್ಲ. 2022ರಲ್ಲಿ ಅದೇ ಸಂಸ್ಥೆ ಈ ಅದಲುಬದಲಿನ ಬಗ್ಗೆ ಎಚ್ಚರಿಕೆ ಹೊರಡಿಸಬೇಕಾಯಿತು.

ಇಂಥದ್ದು ನಡೆದ ಮರುದಿನ ಒಂದು ಆಸ್ಪತ್ರೆ ಏನು ಮಾಡುತ್ತದೆ ಎನ್ನುವುದರಲ್ಲೇ ಅಲ್ಲಿನ ಸುರಕ್ಷತೆಯ ಸಂಸ್ಕೃತಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ನಡೆಯುವುದು ಹೀಗೆ. ಔಷಧ ಲೋಡ್ ಮಾಡಿದ ಸಿಸ್ಟರ್‌ಗೆ ಶೋಕಾಸ್ ನೋಟಿಸ್. ಗುತ್ತಿಗೆಯವರಾದರೆ ಅದೂ ಇಲ್ಲ, ನಾಳೆಯಿಂದ ಬರಬೇಡಿ ಎಂಬ ಮಾತಷ್ಟೇ. ಆಮೇಲೆ ಒಂದು ಸುತ್ತೋಲೆ: ಎಲ್ಲ ಸಿಬ್ಬಂದಿ ಔಷಧ ನೀಡುವಾಗ ಎಚ್ಚರ ವಹಿಸತಕ್ಕದ್ದು. ಅದಕ್ಕೆ ಎಲ್ಲರ ಸಹಿ. ಫೈಲು ಮುಚ್ಚುತ್ತದೆ. ಓಟಿಯ ಟ್ರೇ ಮಾತ್ರ ಹಿಂದಿನ ದಿನ ಹೇಗಿತ್ತೋ ಹಾಗೇ ಇರುತ್ತದೆ, ಎರಡು ಆಂಪೂಲ್‌ಗಳೂ ಅಕ್ಕಪಕ್ಕ.

ಅದೇ ಘಟನೆಯನ್ನು ಹಿಂದಕ್ಕೆ ಬಿಚ್ಚುತ್ತಾ ಹೋದರೆ ಸಿಗುವ ಎಳೆಗಳೇ ಬೇರೆ. ಮಾಮೂಲಿ ಕಂಪನಿಯ ಸ್ಟಾಕ್ ಮುಗಿದು ಸ್ಟೋರ್‌ನವರು ಬೇರೆ ಬ್ರ್ಯಾಂಡ್ ಕಳಿಸಿರುತ್ತಾರೆ, ಓಟಿಗೆ ಆ ವಿಷಯ ಹೇಳಿರುವುದಿಲ್ಲ. ಹೊಸ ಆಂಪೂಲ್‌ನ ಅಕ್ಷರದ ಬಣ್ಣ ಹಳೆಯ ಬುಪಿವಕೇನ್‌ನದ್ದನ್ನೇ ಹೋಲುತ್ತದೆ. ಬೆಳಗ್ಗೆ ಟ್ರೇ ಜೋಡಿಸಿದವರು ಒಬ್ಬರು, ಆಂಪೂಲ್ ಒಡೆದವರು ಇನ್ನೊಬ್ಬರು, ಬೆನ್ನಿಗೆ ಚುಚ್ಚಿದವರು ಮತ್ತೊಬ್ಬರು. ಸ್ಟೆರೈಲ್ ಗ್ಲೌಸ್ ಹಾಕಿಕೊಂಡ ಅರಿವಳಿಕೆ ವೈದ್ಯರು ಆಂಪೂಲ್ ಮುಟ್ಟುವ ಹಾಗಿಲ್ಲ, ಇನ್ನೊಬ್ಬರು ಹಿಡಿದು ತೋರಿಸಿದ ಆಂಪೂಲ್‌ನಿಂದ ಔಷಧ ಎಳೆದುಕೊಳ್ಳುತ್ತಾರೆ. ಸಾಲಿನಲ್ಲಿ ಮೂರನೇ ಸಿಸೇರಿಯನ್, ಮಗುವಿನ ಎದೆಬಡಿತ ಇಳಿಯುತ್ತಿದೆ, ಬೇಗ ಬೇಗ ಎಂಬ ಕೂಗು. ಸಿಸ್ಟರ್ ಎಷ್ಟೇ ಜಾಗರೂಕರಾಗಿದ್ದರೂ ಈ ಏರ್ಪಾಟಿನಲ್ಲಿ ಒಂದಲ್ಲ ಒಂದು ದಿನ ಯಾರದಾದರೂ ಕೈ ತಪ್ಪಲೇಬೇಕು.

ಇಲ್ಲಿ ಮಾಡಬೇಕಾದ ಕೆಲಸಗಳಿಗೆ ದೊಡ್ಡ ಖರ್ಚಿಲ್ಲ. ಟ್ರಾನೆಕ್ಸಾಮಿಕ್ ಆ್ಯಸಿಡ್ ಅರಿವಳಿಕೆ ಟ್ರಾಲಿಯ ಮೇಲೆ ಇರಕೂಡದು. ರಕ್ತಸ್ರಾವದ ತುರ್ತು ಪೆಟ್ಟಿಗೆಯಲ್ಲಿ, ಕೋಣೆಯ ಇನ್ನೊಂದು ಬದಿಯಲ್ಲಿ ಇರಲಿ. ಬೇಕೆಂದಾಗ ಮಾತ್ರ ತೆಗೆಯಲಿ. ಬೆನ್ನಿನ ಔಷಧಕ್ಕೆ ಪ್ರತ್ಯೇಕ ಸಣ್ಣ ಟ್ರೇ, ಅದರಲ್ಲಿ ಬೇರೆ ಯಾವ ಆಂಪೂಲೂ ಬೇಡ. ಔಷಧ ಎಳೆದುಕೊಳ್ಳುವ ಮುನ್ನ ಹಿಡಿದವರು ಲೇಬಲ್ ಗಟ್ಟಿಯಾಗಿ ಓದಬೇಕು, ಚುಚ್ಚುವವರು ತಮ್ಮ ಕಣ್ಣಿಂದ ಓದಬೇಕು. ಒಡೆದ ಆಂಪೂಲ್ ಕೇಸ್ ಮುಗಿಯುವ ತನಕ ಕಸದ ಬುಟ್ಟಿಗೆ ಹೋಗಬಾರದು. ಈ ಕೊನೆಯದನ್ನು ಕಡೆಗಣಿಸುವವರೇ ಹೆಚ್ಚು, ಆದರೆ ಬಹಳ ಮುಖ್ಯವಾದದ್ದು ಅದೇ. ಸ್ಪೈನಲ್, ಅಂದರೆ ಬೆನ್ನಿನ ಅರಿವಳಿಕೆ, ಕೊಟ್ಟ ಮೇಲೆ ಕಾಲು ಜೋಮು ಹಿಡಿಯುವ ಬದಲು ರೋಗಿ ನೋವಿನಿಂದ ಚೀರಿ ಕಾಲು ಅದುರತೊಡಗಿದರೆ, ಸ್ಪೈನಲ್ ಹತ್ತಿಲ್ಲ ಎಂದುಕೊಂಡು ಮತ್ತೊಮ್ಮೆ ಚುಚ್ಚುವ ಮುನ್ನ ಆ ಆಂಪೂಲ್ ಎತ್ತಿ ನೋಡಬೇಕು. ನಡೆದದ್ದು ಎಷ್ಟು ಬೇಗ ಗೊತ್ತಾಗುತ್ತದೋ ಜೀವ ಉಳಿಯುವ ಅವಕಾಶ ಅಷ್ಟು ಹೆಚ್ಚು.

ಇಷ್ಟು ಸುಲಭದ ಕೆಲಸ ಯಾಕೆ ಆಗುವುದಿಲ್ಲ? ಸಾವು ಸಂಭವಿಸುವ ಮೊದಲು ಅದೇ ಓಟಿಯಲ್ಲಿ ಎಷ್ಟೋ ಸಲ ತಪ್ಪು ಆಂಪೂಲ್ ಕೈಗೆ ಬಂದು, ಒಡೆಯುವಷ್ಟರಲ್ಲಿ ಕಣ್ಣಿಗೆ ಬಿದ್ದು, ಅಯ್ಯೋ ದೇವರೇ ಎಂದು ವಾಪಸ್ ಇಟ್ಟಿರುತ್ತಾರೆ. ಕೂದಲೆಳೆಯಲ್ಲಿ ತಪ್ಪಿದ ಅಂಥ ಘಟನೆ ಸಿಸ್ಟರ್‌ಗಳ ಊಟದ ಕೋಣೆಯಲ್ಲಿ ಮಾತಾಗುತ್ತದೆ, ರಿಜಿಸ್ಟರ್‌ಗೆ ಬರುವುದಿಲ್ಲ. ಮೆಡಿಕಲ್ ಸೂಪರಿಂಟೆಂಡೆಂಟ್ ಕಿವಿಗೆ ಬೀಳುವ ಮೊದಲ ಸುದ್ದಿಯೇ ಸಾವಿನದಾಗಿರುತ್ತದೆ. ಮುಚ್ಚಿಡುವುದಕ್ಕೆ ಕಾರಣ ಭಯ. ಆ ಭಯಕ್ಕೆ ಆಧಾರ ಇಲ್ಲದಿಲ್ಲ.

ಕಾನೂನನ್ನೇ ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ 5 ವರ್ಷದವರೆಗೆ ಶಿಕ್ಷೆ. ನೋಂದಾಯಿತ ವೈದ್ಯರು ಚಿಕಿತ್ಸೆ ನಡೆಸುವಾಗ ಆದದ್ದಾದರೆ 2 ವರ್ಷದವರೆಗೆ. ನೋಂದಾಯಿತ ವೈದ್ಯರು ಎಂದರೆ ವೈದ್ಯಕೀಯ ಪದವಿ ಪಡೆದು ವೈದ್ಯರ ರಿಜಿಸ್ಟರ್‌ನಲ್ಲಿ ಹೆಸರಿರುವವರು ಎಂದು ಅದೇ ಕಲಂ ವಿವರಿಸುತ್ತದೆ. ನರ್ಸ್‌ಗಳು ಆ ವಿನಾಯಿತಿಯ ಹೊರಗೇ ಉಳಿದರು. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ನಿರ್ಲಕ್ಷ್ಯ ಘೋರವಾಗಿರಬೇಕು, ಅದಕ್ಕೂ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಆದರೆ ಆಸ್ಪತ್ರೆಯೊಳಗೆ ಸುರಕ್ಷತೆಗಾಗಿ ಬರೆದುಕೊಟ್ಟ ವರದಿಯನ್ನು ನ್ಯಾಯಾಲಯದಲ್ಲಿ ಬರೆದವರ ವಿರುದ್ಧವೇ ಬಳಸದಂತೆ ತಡೆಯುವ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ 2005ರಿಂದ ಅಂಥದ್ದೊಂದಿದೆ.

ಅಲ್ಲೂ ಎಲ್ಲ ನೆಟ್ಟಗಿಲ್ಲ. 2017ರ ಕೊನೆಯಲ್ಲಿ ಟೆನೆಸ್ಸೀ ರಾಜ್ಯದ ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್‌ಗೆ ಬಂದ ವೃದ್ಧೆಗೆ ವರ್ಸೆಡ್ ಎಂಬ ಶಮನಕಾರಿ ಕೊಡಬೇಕಿತ್ತು. ನರ್ಸ್, ಹೆಸರು ಒತ್ತಿದರೆ ಔಷಧ ಕೊಡುವ ಯಂತ್ರದಲ್ಲಿ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ ಒತ್ತಿದರು. ಯಂತ್ರ ತೋರಿಸಿದ್ದು ಅವೇ ಅಕ್ಷರಗಳಿಂದ ಶುರುವಾಗುವ ವೆಕ್ಯುರೋನಿಯಂ, ಅಂದರೆ ಉಸಿರಾಟದ ಸ್ನಾಯುಗಳನ್ನೂ ಸ್ತಬ್ಧಗೊಳಿಸುವ ಔಷಧ. ರೋಗಿ ಸತ್ತರು. 2022ರಲ್ಲಿ ನ್ಯಾಯಾಲಯ ನರ್ಸ್ ಅಪರಾಧಿ ಎಂದಿತು, 3 ವರ್ಷದ ಪ್ರೊಬೇಷನ್ ಆಯಿತು. ಆ ದಿನಗಳಲ್ಲಿ ಯಂತ್ರದ ತಡೆ ದಾಟಿ ಔಷಧ ತೆಗೆಯುವುದು ಅಲ್ಲಿ ದಿನನಿತ್ಯದ ರೂಢಿಯಾಗಿತ್ತು ಎಂಬ ಮಾತೂ ವಿಚಾರಣೆಯಲ್ಲಿ ಬಂತು. ವಯಲ್‌ನ (ಔಷಧದ ಪುಟ್ಟ ಬಾಟಲಿ) ಮುಚ್ಚಳದ ಮೇಲೆಯೇ ಎಚ್ಚರಿಕೆ ಇತ್ತು, ವರ್ಸೆಡ್ ದ್ರವ, ವೆಕ್ಯುರೋನಿಯಂ ಪುಡಿ. ನರ್ಸ್ ಅದನ್ನು ಕಲಸಿ ಕೊಟ್ಟಿದ್ದರು. ಹಾಗಾಗಿ ಅವರ ತಪ್ಪು ಸಣ್ಣದೆಂದು ಯಾರೂ ಹೇಳಲಾರರು. ಆದರೆ ತಡೆ ದಾಟುವುದನ್ನು ರೂಢಿ ಮಾಡಿಸಿದ್ದು ಯಾರು ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರ ಸಿಗಲಿಲ್ಲ. ನಾವೂ ತಪ್ಪು ಒಪ್ಪಿಕೊಂಡರೆ ಇದೇ ಗತಿಯೇ ಎಂದು ಜಗತ್ತಿನ ನರ್ಸ್‌ಗಳು ಕೇಳಿಕೊಂಡದ್ದು ಸಹಜ.

ಇದಕ್ಕೆ ರೋಗಿ ಸುರಕ್ಷತೆಯ ಕ್ಷೇತ್ರದವರು ಕಂಡುಕೊಂಡ ದಾರಿ ನ್ಯಾಯಯುತ ಸಂಸ್ಕೃತಿ. ಎಲ್ಲರನ್ನೂ ಕ್ಷಮಿಸುವುದು ಎಂದು ಇದನ್ನು ತಪ್ಪಾಗಿ ತಿಳಿಯುವವರಿದ್ದಾರೆ. ಇದು ತಪ್ಪುಗಳನ್ನು ಮೂರು ಬಗೆಯಾಗಿ ನೋಡುತ್ತದೆ. ಕಣ್ತಪ್ಪು, ಮರೆವು, ಕೈಜಾರುವುದು ಮೊದಲನೆಯದು. ಮಾಡಿದವರಿಗೆ ಸಾಂತ್ವನ ಬೇಕು, ಟ್ರೇ ಬದಲಾಗಬೇಕು. ಅಪಾಯದ ಅಡ್ಡದಾರಿ ಎರಡನೆಯದು. ರೋಗಿಯ ಕೈಪಟ್ಟಿ ನೋಡದೆ ಹಾಸಿಗೆ ನಂಬರ್ ನೋಡಿ ಇಂಜೆಕ್ಷನ್ ಕೊಡುವುದು ಇಂಥದ್ದು. ಇಲ್ಲಿ ಆ ವ್ಯಕ್ತಿಗೆ ತಿಳಿಹೇಳಬೇಕು, ಜೊತೆಗೆ ಆ ಅಡ್ಡದಾರಿ ಹುಟ್ಟಿದ್ದೇಕೆ ಎಂದೂ ನೋಡಬೇಕು. ಹೆಚ್ಚಿನ ಸಲ ಕೆಲಸದ ಒತ್ತಡವೋ ಕೈಪಟ್ಟಿಯ ಸ್ಟಾಕ್ ಇಲ್ಲದಿರುವುದೋ ಕಾರಣವಾಗಿರುತ್ತದೆ. ಗೊತ್ತಿದ್ದೂ ಲೆಕ್ಕಿಸದಿರುವುದು ಮೂರನೆಯದು, ಕುಡಿದು ಡ್ಯೂಟಿಗೆ ಬರುವಂಥದ್ದು, ಕೊಡದ ಔಷಧವನ್ನು ಕೊಟ್ಟೆ ಎಂದು ಬರೆಯುವಂಥದ್ದು. ಇದಕ್ಕೆ ಶಿಸ್ತುಕ್ರಮ ಆಗಲೇಬೇಕು. ಯಾವ ಬಗೆಯದೆಂದು ತೀರ್ಮಾನಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದೇ ಶಿಫ್ಟ್‌ನಲ್ಲಿ, ಇದೇ ಟ್ರೇ ಮುಂದೆ, ಇಷ್ಟೇ ಅನುಭವದ ಇನ್ನೊಬ್ಬರು ನಿಂತಿದ್ದರೆ ಅವರಿಂದಲೂ ಹೀಗಾಗುತ್ತಿತ್ತೇ? ಹೌದು ಎಂದಾದರೆ ಶಿಕ್ಷೆಯಿಂದ ಏನೂ ಸರಿಹೋಗದು. ಇನ್ನೊಂದು ಎಚ್ಚರ. ತೀರ್ಮಾನ ಪರಿಣಾಮದ ಮೇಲೆ ನಿಲ್ಲಬಾರದು. ಒಂದೇ ಅಡ್ಡದಾರಿ ಹಿಡಿದ ಇಬ್ಬರಲ್ಲಿ ಒಬ್ಬರ ರೋಗಿ ಬದುಕಿ ಇನ್ನೊಬ್ಬರ ರೋಗಿ ಸತ್ತರೆ ಒಬ್ಬರಿಗೆ ಶಭಾಷ್‌ಗಿರಿ, ಇನ್ನೊಬ್ಬರಿಗೆ ಅಮಾನತು ಎಂಬುದು ನಮ್ಮ ಕಡೆ ತೀರಾ ಮಾಮೂಲು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಚಿಕಿತ್ಸೆ ಪಡೆಯುವ 10 ರೋಗಿಗಳಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಹಾನಿಯಾಗುತ್ತದೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ತಡೆಯಬಹುದಾದದ್ದು. 2019ರಿಂದ ಪ್ರತಿ ಸೆಪ್ಟೆಂಬರ್ 17 ರೋಗಿ ಸುರಕ್ಷತಾ ದಿನ. ಭಾರತಕ್ಕೂ 2018ರಿಂದ 2025ರವರೆಗಿನ ರಾಷ್ಟ್ರೀಯ ರೋಗಿ ಸುರಕ್ಷತಾ ಚೌಕಟ್ಟು ಇತ್ತು. ದಿನ ಆಚರಿಸಿ ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಂಡ ಆಸ್ಪತ್ರೆಯಲ್ಲಿ ಘಟನೆ ವರದಿ ಮಾಡುವ ಫಾರಂ ಎಲ್ಲಿದೆ ಎಂದು ನೈಟ್ ಡ್ಯೂಟಿ ಸಿಸ್ಟರ್‌ಗೆ ಗೊತ್ತಿಲ್ಲದಿದ್ದರೆ ಈ ಚೌಕಟ್ಟು ವಾರ್ಡಿಗೆ ಇಳಿದಿಲ್ಲ ಎಂದೇ ಅರ್ಥ.

ಫಾರಂ ಹೇಗಿರಬೇಕು? ಒಂದೇ ಪುಟ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಏನಾಯಿತು, ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಔಷಧ ಅಥವಾ ಉಪಕರಣ, ಅದರ ಬ್ಯಾಚ್ ನಂಬರ್, ರೋಗಿಯವರೆಗೆ ತಲುಪಿತೇ, ತಕ್ಷಣ ಏನು ಮಾಡಿದಿರಿ, ಮತ್ತೆ ಆಗದಿರಲು ಏನು ಬದಲಾಗಬೇಕು. 5 ನಿಮಿಷದಲ್ಲಿ ತುಂಬಿ ಮುಗಿಯಬೇಕು. ಬರೆದವರ ಹೆಸರು ಇಷ್ಟವಿದ್ದರೆ ಮಾತ್ರ. ಅದು ನರ್ಸಿಂಗ್ ಸೂಪರಿಂಟೆಂಡೆಂಟ್ ಮೂಲಕ ಎಚ್ಆರ್‌ಗೆ ಹೋಗುವ ದಾರಿಯಲ್ಲಿ ಇರಬಾರದು. ಶಿಸ್ತುಕ್ರಮದ ಅಧಿಕಾರವಿಲ್ಲದ, ಸುರಕ್ಷತೆಯ ಹೊಣೆ ಹೊತ್ತ ಒಬ್ಬರ ಕೈಗೇ ನೇರ ಹೋಗಬೇಕು. ಅವರು 24 ಗಂಟೆಯೊಳಗೆ ಓದಿ, ಗಂಭೀರವಾದದ್ದಾದರೆ ಅಂದೇ ಸ್ಥಳಕ್ಕೆ ಹೋಗಬೇಕು. ತಡವಾದರೆ ಆಂಪೂಲ್ ಕಸಕ್ಕೆ ಹೋಗಿರುತ್ತದೆ, ಟ್ರೇ ಮರುಜೋಡಣೆಯಾಗಿರುತ್ತದೆ, ನೆನಪುಗಳು ಒಂದಕ್ಕೊಂದು ಹೊಂದಿಕೊಂಡು ಒಂದೇ ಕತೆಯಾಗಿರುತ್ತವೆ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಈ ಫಾರಂ ಕೇಸ್‌ಶೀಟ್‌ಗೆ ಸೇರುವುದಲ್ಲ. ಹಾಗೆಂದು ಕೇಸ್‌ಶೀಟ್‌ನಲ್ಲಿ ಘಟನೆಯನ್ನು ಮುಚ್ಚಿಡುವಂತೆಯೂ ಇಲ್ಲ. ಎಷ್ಟು ಗಂಟೆಗೆ ಯಾವ ಔಷಧ ಎಷ್ಟು ಹೋಯಿತು, ರೋಗಿಗೆ ಏನಾಯಿತು, ಏನು ಚಿಕಿತ್ಸೆ ಕೊಟ್ಟರು ಎಂಬುದೆಲ್ಲ ಕೇಸ್‌ಶೀಟ್‌ನಲ್ಲಿ ಇರಲೇಬೇಕು. ಯಾಕಾಯಿತು, ಹೇಗೆ ತಡೆಯೋಣ ಎಂಬ ಚರ್ಚೆ ಫಾರಂನಲ್ಲಿ. ಹಳೆಯ ಬರಹ ಹೊಡೆದುಹಾಕಿ ಹೊಸದಾಗಿ ಬರೆಯುವುದು, ಹಾಳೆ ಬದಲಿಸುವುದು ಯಾವ ಕಾರಣಕ್ಕೂ ಕೂಡದು. ತಪ್ಪಾಗಿ ಬರೆದಿದ್ದರೆ ಒಂದು ಗೆರೆ ಎಳೆದು, ಸಮಯ ಹಾಕಿ, ಸಹಿ ಮಾಡಿ ಕೆಳಗೆ ಸರಿಯಾದದ್ದು ಬರೆಯಬೇಕು.

ವರದಿ ಮಾಡುವ ಪದ್ಧತಿ ಸಾಯುವುದು ಮುಖ್ಯವಾಗಿ ಉತ್ತರ ಬಾರದೆ. ಫಾರಂ ಹಾಕಿದವರಿಗೆ ಒಂದು ವಾರದಲ್ಲಿ, ನೀವು ಹೇಳಿದ್ದರಿಂದ ಇದನ್ನು ಬದಲಿಸಿದೆವು ಎಂದು ತಿಳಿಯದಿದ್ದರೆ ಎರಡನೇ ಫಾರಂ ಬರುವುದಿಲ್ಲ. ಔಷಧದ ಅಡ್ಡಪರಿಣಾಮಗಳಿಗೆ ರಾಷ್ಟ್ರಮಟ್ಟದಲ್ಲಿ ಇಂಥದ್ದೊಂದು ವ್ಯವಸ್ಥೆ 2010ರಿಂದಲೇ ಇದೆ, ಔಷಧ ಕಣ್ಗಾವಲು ಕಾರ್ಯಕ್ರಮ. ಸಹಾಯವಾಣಿ 1800-180-3024, ರೋಗಿಗಳೂ ಕರೆ ಮಾಡಬಹುದು. ವರದಿ ಕೊಟ್ಟ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತಲ್ಲ ಎಂದು ಅದರ ಫಾರಂನಲ್ಲೇ ಅಚ್ಚಾಗಿದೆ. ಆಸ್ಪತ್ರೆಗಳು ತಮ್ಮ ಫಾರಂನ ತಲೆಯ ಮೇಲೆ ಇದೇ ವಾಕ್ಯ ಹಾಕಿಕೊಳ್ಳಬಹುದು.

ಬ್ಯಾಚ್ ನಂಬರ್ ಬರೆಯಿರಿ ಎಂದದ್ದಕ್ಕೆ ಕಾರಣವಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಶಂಕೆ ಹೋದದ್ದು ಡ್ರಿಪ್‌ಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯ ಸರ್ಕಾರ ಅದರ ಬಳಕೆ ತಡೆಯಿತು, ಔಷಧ ನಿಯಂತ್ರಕರ ಅಮಾನತಾಯಿತು. ಗುಣಮಟ್ಟದ ಪರೀಕ್ಷೆ, ಖರೀದಿಯ ಹೊಣೆ ವಾರ್ಡಿನವರದಲ್ಲ. ಆದರೆ ಯಾವ ಆಸ್ಪತ್ರೆಯಲ್ಲೇ ಆಗಲಿ, ಡ್ರಿಪ್ ಏರಿಸಿದ ಅರ್ಧ ಗಂಟೆಗೆ ಚಳಿ ನಡುಕ ಬಂದ ಮೊದಲ ರೋಗಿಯ ಹಾಳೆಯಲ್ಲಿ ಬ್ಯಾಚ್ ನಂಬರ್ ಇದ್ದು, ಎರಡನೇ ರೋಗಿಯ ಹಾಳೆಯಲ್ಲೂ ಅದೇ ನಂಬರ್ ಕಂಡರೆ, ಮೂರನೆಯವರಿಗೆ ಹಾಕುವ ಮುನ್ನ ಆ ಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಡಬಹುದು. ನಂಬರ್ ಬರೆದಿರದಿದ್ದರೆ ಮೂವರಿಗೂ ಇನ್ಫೆಕ್ಷನ್ ಆಗಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಚಳಿ ಬಂದರೆ ಡ್ರಿಪ್ ನಿಲ್ಲಿಸಬೇಕು, ಬಾಟಲಿ ಎಸೆಯಬಾರದು, ಸೆಟ್ ಸಮೇತ ಮುಚ್ಚಿ ಎತ್ತಿಟ್ಟು ಫಾರ್ಮಸಿಗೆ ಹೇಳಬೇಕು, ಬೇರೆ ವಾರ್ಡ್‌ಗಳಿಗೂ ಫೋನ್ ಹೋಗಬೇಕು. ಇದನ್ನು ಮಾಡಲು ರಾತ್ರಿ ಎರಡು ಗಂಟೆಯ ಸಿಸ್ಟರ್‌ಗೆ ಯಾರ ಅಪ್ಪಣೆಯೂ ಬೇಕಾಗಬಾರದು.

ಘಟನೆಯ ವಿಚಾರಣೆ ಮುಗಿದು ಏನು ಬದಲಿಸೋಣ ಎಂಬ ಪ್ರಶ್ನೆ ಬಂದಾಗ ಸಮಿತಿಗಳು ಬರೆಯುವ ಮೊದಲ ಸಾಲು ಸಿಬ್ಬಂದಿಗೆ ತರಬೇತಿ. ಎಲ್ಲಕ್ಕಿಂತ ದುರ್ಬಲ ಮದ್ದು ಅದೇ. ತರಬೇತಿ ಪಡೆದವರು ವರ್ಗವಾಗುತ್ತಾರೆ, ಗುತ್ತಿಗೆ ಮುಗಿದು ಹೋಗುತ್ತಾರೆ, ದಣಿಯುತ್ತಾರೆ. ಗಟ್ಟಿಯಾದ ಮದ್ದು ತಪ್ಪು ಮಾಡಲು ಬಯಸಿದರೂ ಆಗದಂತೆ ವಸ್ತುವನ್ನೇ ಬದಲಿಸುವುದು. ಅರಿವಳಿಕೆ ಯಂತ್ರಕ್ಕೆ ಕೂರಿಸುವ ಸಣ್ಣ ಆಕ್ಸಿಜನ್ ಸಿಲಿಂಡರ್ ನೋಡಿ. ಅದರ ಕುತ್ತಿಗೆಯಲ್ಲಿ 2 ಮತ್ತು 5ನೇ ಜಾಗದಲ್ಲಿ ತೂತು, ನೈಟ್ರಸ್ ಆಕ್ಸೈಡ್ ಸಿಲಿಂಡರ್‌ಗೆ 3 ಮತ್ತು 5ರಲ್ಲಿ. ಯಂತ್ರದ ಪಿನ್‌ಗಳು ಆಯಾ ತೂತಿಗೇ ಕೂರುವುದರಿಂದ ಕತ್ತಲಲ್ಲಿ ಕೂಡಿಸಿದರೂ ಒಂದರ ಜಾಗಕ್ಕೆ ಇನ್ನೊಂದು ಹೋಗದು. ಅಂಥದ್ದು ಎಲ್ಲ ಕಡೆ ಸಾಧ್ಯವಿಲ್ಲ. ಆದರೆ ವಾರ್ಡಿನಿಂದ ಅಪಾಯದ ವಸ್ತುವನ್ನೇ ತೆಗೆದುಬಿಡುವುದು ಸಾಧ್ಯ. ಪೊಟ್ಯಾಸಿಯಂ ಕ್ಲೋರೈಡ್‌ನ 10 ಮಿ.ಲೀ. ಆಂಪೂಲ್‌ನಲ್ಲಿ 20 ಮಿಲಿ-ಈಕ್ವಿವಲೆಂಟ್ (ಲವಣ ಅಳೆಯುವ ಮಾನ) ಇರುತ್ತದೆ. ಅದನ್ನು ಬೆರೆಸದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ನೋಡಲು ಡಿಸ್ಟಿಲ್ಡ್ ವಾಟರ್ ಆಂಪೂಲ್‌ನ ಅವಳಿಯಂತೆ ಇರುತ್ತದೆ. ಜನರಲ್ ವಾರ್ಡ್‌ನ ಡ್ರಾಯರ್‌ನಲ್ಲಿ ಅದು ಇರಬೇಕಾದ ಅಗತ್ಯವೇ ಇಲ್ಲ. ಫಾರ್ಮಸಿಯಲ್ಲಿರಲಿ, ಐಸಿಯುನಲ್ಲಿ ಬೀಗದೊಳಗಿರಲಿ.

ಇನ್ಸುಲಿನ್‌ನ ವಿಷಯ ಇನ್ನೂ ಸೂಕ್ಷ್ಮ, ನಮ್ಮ ದೇಶಕ್ಕೇ ಹತ್ತಿರದ್ದು. ಇಲ್ಲಿ ವಯಲ್‌ನ ಇನ್ಸುಲಿನ್ ಹೆಚ್ಚಾಗಿ 1 ಮಿ.ಲೀ.ಗೆ 40 ಯುನಿಟ್‌ನದು, ಪೆನ್ನಿನ ಕಾರ್ಟ್ರಿಜ್‌ನದು 100 ಯುನಿಟ್. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಪೆನ್ ಕೆಟ್ಟಿದೆ ಎಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ಗೆ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದದ್ದು ಅರ್ಧ ಮಿ.ಲೀ., ಅಂದರೆ 50 ಯುನಿಟ್. ಎರಡೂವರೆ ಪಟ್ಟು. ಬೆಳಗಿನ ಜಾವ ರೋಗಿ ಸಕ್ಕರೆ ಕುಸಿದು ಎಚ್ಚರ ತಪ್ಪಿರುತ್ತಾರೆ, ಕೇಸ್‌ಶೀಟ್‌ನಲ್ಲಿ ಮಾತ್ರ 20 ಯುನಿಟ್ ಎಂದೇ ಇರುತ್ತದೆ. ತಿರುಗಾ ಮುರುಗಾ ಆದರೆ, ಅಂದರೆ 40ರ ವಯಲ್‌ನಿಂದ ಕಿತ್ತಳೆ ಸಿರಿಂಜ್‌ಗೆ 20ರವರೆಗೆ ಎಳೆದರೆ, ಹೋಗುವುದು ಬರೀ 8 ಯುನಿಟ್. ಒಂದು ವಾರ್ಡಿನಲ್ಲಿ ಒಂದೇ ಬಗೆಯ ಸಿರಿಂಜ್ ಇಡುವುದು, ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಂದೂ ಎಳೆಯದಿರುವುದು, ಮನೆಯಿಂದ ರೋಗಿ ತಂದ ಇನ್ಸುಲಿನ್‌ಗೆ ಬೇರೆ ಡಬ್ಬಿ ಇಡುವುದು, ಇಷ್ಟಾದರೆ ಈ ತಪ್ಪಿಗೆ ಜಾಗವೇ ಉಳಿಯದು.

ಚೆಕ್‌ಲಿಸ್ಟ್‌ಗಳ ಬಗ್ಗೆ ಬಹಳ ಭರವಸೆಯಿದೆ, ಅಷ್ಟೇ ನಿರಾಸೆಯೂ. 2008ರಲ್ಲಿ ಬಂದ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ದೆಹಲಿಯೂ ಸೇರಿ 8 ನಗರಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಹೆರಿಗೆಯ 29 ಅಂಶಗಳ ಚೆಕ್‌ಲಿಸ್ಟ್ ಮೊದಲು ಪರೀಕ್ಷೆಗೊಳಗಾದ ಜಾಗಗಳಲ್ಲಿ ಕರ್ನಾಟಕದ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೂ ಇತ್ತು. ಅಲ್ಲಿ ಪ್ರತಿ ಹೆರಿಗೆಯಲ್ಲೂ ಸರಾಸರಿ 10 ಅಂಶ ಪಾಲನೆಯಾಗುತ್ತಿದ್ದದ್ದು 25ಕ್ಕೆ ಏರಿತು. ಆ ಹುರುಪಿನಲ್ಲಿ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು, ಫಲಿತಾಂಶ 2017ರ ಕೊನೆಯಲ್ಲಿ ಬಂತು. ಚೆಕ್‌ಲಿಸ್ಟ್ ಪಾಲನೆ ಹೆಚ್ಚಿತ್ತು. ತಾಯಿ ಮಗುವಿನ ಸಾವುನೋವಿನಲ್ಲಿ ವ್ಯತ್ಯಾಸವಿರಲಿಲ್ಲ. ಕಲಿಸಿಕೊಡಲು ಬಂದವರ ಭೇಟಿ ನಿಂತ ಮೇಲೆ ಪಾಲನೆಯೂ ಇಳಿಯಿತು. ಕೈ ತೊಳೆಯಬೇಕು ಎಂದು ಹಾಳೆಯಲ್ಲಿದ್ದು ನಲ್ಲಿಯಲ್ಲಿ ನೀರಿಲ್ಲದಿದ್ದರೆ, ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂದಿದ್ದು ಆಂಬುಲೆನ್ಸ್ ಬಾರದಿದ್ದರೆ ಟಿಕ್ ಏನು ಮಾಡೀತು? ನಮ್ಮ ಓದಿನಲ್ಲಿ ಆ ಪ್ರಯೋಗದಿಂದ ಕಲಿಯಬೇಕಾದ್ದು ಇದು: ಹಾಳೆಯ ಹಿಂದೆ ನೀರು, ಔಷಧ, ಕೈಗಳು ಇರಬೇಕು. 40 ಹಾಸಿಗೆಯ ವಾರ್ಡಿಗೆ ರಾತ್ರಿ ಒಬ್ಬರೇ ಸಿಸ್ಟರ್ ಬಿಟ್ಟು ಸುರಕ್ಷತೆಯ ಮಾತಾಡುವ ಆಡಳಿತಕ್ಕೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಓಟಿಯಲ್ಲಿ ಚೆಕ್‌ಲಿಸ್ಟ್ ಕೆಡುವುದು ಇನ್ನೊಂದು ರೀತಿ. ಮೂರು ಹಂತದ ಟಿಕ್‌ಗಳನ್ನೂ ಕೊನೆಯಲ್ಲಿ ಒಬ್ಬರೇ ಕೂತು ಹಾಕುತ್ತಾರೆ. ಚರ್ಮ ಕೊಯ್ಯುವ ಮುನ್ನ ಎಲ್ಲರೂ ಕೈ ನಿಲ್ಲಿಸಿ, ಹೆಸರು ಹೇಳಿ, ಯಾವ ರೋಗಿ, ಯಾವ ಬದಿ, ಯಾವ ಶಸ್ತ್ರಚಿಕಿತ್ಸೆ ಎಂದು ಬಾಯಿಬಿಟ್ಟು ಹೇಳಬೇಕು. ಹೆಸರು ಹೇಳಿಸುವುದು ಶಿಷ್ಟಾಚಾರಕ್ಕಲ್ಲ. ಒಮ್ಮೆ ಬಾಯಿ ತೆರೆದವರು ಮುಂದೆ ಅನುಮಾನ ಬಂದಾಗಲೂ ಬಾಯಿ ತೆರೆಯುತ್ತಾರೆ. ಮೊದಲು ಮಾತಾಡಬೇಕಾದವರು ಎಲ್ಲರಿಗಿಂತ ಕಿರಿಯರು. ಸರ್ಜನ್ ಮೊದಲೇ ಎಲ್ಲ ಸರಿ ಇದೆ ಅಲ್ವಾ ಎಂದುಬಿಟ್ಟರೆ ಇಲ್ಲ ಎನ್ನಲು ಯಾರಿಗೂ ಗಂಟಲಿರುವುದಿಲ್ಲ.

ನಮ್ಮಲ್ಲಿ ಈ ಗಂಟಲಿನ ಪ್ರಶ್ನೆ ದೊಡ್ಡದು. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಬೆಳೆದ 22 ವರ್ಷದ ಸಿಸ್ಟರ್, 25 ವರ್ಷ ಸರ್ವಿಸ್ ಆದ ಸರ್ಜನ್‌ಗೆ ನಿಲ್ಲಿಸಿ ಎನ್ನಬೇಕೆಂದರೆ ಆ ಮಾತನ್ನು ಆಸ್ಪತ್ರೆಯೇ ಮೊದಲು ಬಾಯಿಪಾಠ ಮಾಡಿಸಿರಬೇಕು. ಒಪ್ಪಿಕೊಂಡ ಮೂರು ಮಾತು ಸಾಕು. ಮೊದಲಿಗೆ, "ಸರ್, ನನಗೊಂದು ಅನುಮಾನ ಇದೆ." ಕೇಳಿಸಿಕೊಳ್ಳದಿದ್ದರೆ, "ಸರ್, ಇದು ಸರಿ ಅನ್ನಿಸ್ತಿಲ್ಲ, ಒಂದ್ಸಲ ನೋಡಿ." ಆಗಲೂ ನಿಲ್ಲದಿದ್ದರೆ, "ಸರ್, ಪೇಷೆಂಟ್‌ಗೆ ಅಪಾಯ ಇದೆ, ನಿಲ್ಲಿಸಿ." ಮೂರನೆಯ ಮಾತು ಬಂದ ಮೇಲೆ ಕೈ ನಿಲ್ಲಲೇಬೇಕು, ಅನುಮಾನ ಸುಳ್ಳಾದರೂ ಬೈಯಬಾರದು ಎಂಬುದು ಲಿಖಿತ ನಿಯಮವಾಗಿರಲಿ. ಅನುಮಾನ ಸುಳ್ಳಾದ ದಿನ ಆ ಸರ್ಜನ್ "ಥ್ಯಾಂಕ್ಸ್ ಸಿಸ್ಟರ್" ಎಂದರೆ, ಅದನ್ನು ಓಟಿಯಲ್ಲಿದ್ದ ಎಂಟು ಮಂದಿ ಕೇಳಿಸಿಕೊಳ್ಳುತ್ತಾರೆ.

ಫೋನಿನಲ್ಲಿ ಬರುವ ಆದೇಶಕ್ಕೂ ಪದ್ಧತಿ ಬೇಕು. ಫಿಫ್ಟೀನ್ ಮತ್ತು ಫಿಫ್ಟಿ ಮೊಬೈಲ್‌ನಲ್ಲಿ ಒಂದೇ ಥರ ಕೇಳುತ್ತವೆ. ಬರೆದುಕೊಂಡು, ಒಂದು ಐದು ಎಂದು ಅಂಕೆ ಬಿಡಿಸಿ ಓದಿ ಹೇಳಿ, ಆ ಕಡೆಯಿಂದ ಹೌದು ಎನಿಸಿಕೊಂಡ ಮೇಲೆಯೇ ಔಷಧ ತೆಗೆಯಬೇಕು.

ರೋಗಿಯ ಗುರುತು ಹಿಡಿಯುವುದರಲ್ಲಿ ಭಾಷೆಯ ಸೂಕ್ಷ್ಮವೊಂದಿದೆ. ಮೈಸೂರು, ಮಂಡ್ಯ ಕಡೆಯ ಯಾವುದೇ ಮಹಿಳಾ ವಾರ್ಡಿನಲ್ಲಿ ಒಂದೇ ದಿನ ಇಬ್ಬರು ಲಕ್ಷ್ಮಮ್ಮ, ಮೂವರು ಜಯಮ್ಮ ಇರಬಹುದು. ಬೇರೆ ರಾಜ್ಯದಿಂದ ಬಂದು ಆಗಷ್ಟೇ ಕನ್ನಡ ಕಲಿಯುತ್ತಿರುವ ಸಿಸ್ಟರ್ "ಲಕ್ಷ್ಮಮ್ಮನಾ?" ಎಂದು ಕೇಳಿದರೆ, ಕಿವಿ ಮಂದವಾದ ಅಜ್ಜಿ, ಡಾಕ್ಟರಮ್ಮ ಏನೋ ಕೇಳಿದರು ಎಂದು ಹ್ಞೂಂ ಎನ್ನುತ್ತಾರೆ. ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಪ್ರಶ್ನೆ ಕೇಳಬಾರದು. "ಅಜ್ಜಿ, ನಿಮ್ಮ ಹೆಸರು ಹೇಳಿ, ಯಾವ ಊರು?" ಎಂದು ಅವರಿಂದಲೇ ಹೇಳಿಸಿ, ಕೈಪಟ್ಟಿಯ ಐಪಿ (ಒಳರೋಗಿ) ನಂಬರನ್ನು ಕೇಸ್‌ಶೀಟ್‌ಗೆ ತಾಳೆ ನೋಡಬೇಕು. ಹಾಸಿಗೆ ನಂಬರ್ ಗುರುತಲ್ಲ. ಫ್ಯಾನ್ ಕೆಳಗೆ ಜಾಗ ಖಾಲಿಯಾಯಿತೆಂದು ರೋಗಿಗಳೇ ಹಾಸಿಗೆ ಬದಲಿಸಿಕೊಂಡಿರುತ್ತಾರೆ.

ಇಷ್ಟೆಲ್ಲ ಮಾಡಿಯೂ ಹಾನಿಯಾದಾಗ ಮನೆಯವರಿಗೆ ಯಾರು, ಯಾವಾಗ, ಏನು ಹೇಳಬೇಕು? ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆ ಇದೆ. ಆದರೆ ಕಾರಿಡಾರ್‌ನಲ್ಲಿ ಸಿಟ್ಟು ಹೊತ್ತಿಕೊಳ್ಳುವುದು ಹೆಚ್ಚಾಗಿ ಗಂಟೆಗಟ್ಟಲೆ ಯಾರೂ ಬಂದು ಮಾತಾಡದಿದ್ದಾಗ. ಹೊಸದಾಗಿ ಸೇರಿದ ಪಿಜಿ ವಿದ್ಯಾರ್ಥಿ ವೈದ್ಯರನ್ನು ಮುಂದೆ ತಳ್ಳಬಾರದು. ಚಿಕಿತ್ಸೆಯ ಹೊಣೆ ಹೊತ್ತ ಹಿರಿಯ ವೈದ್ಯರು, ಒಬ್ಬ ಸಿಸ್ಟರ್ ಜೊತೆಗೆ, ಮನೆಯವರನ್ನು ಕೂರಿಸಿ, ನೀರು ಕೊಟ್ಟು, ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳಬೇಕು. "ನಿಮ್ಮ ಮಗಳಿಗೆ ಬೆನ್ನಿಗೆ ಕೊಡಬೇಕಾದ ಔಷಧದ ಬದಲು ಬೇರೆ ಔಷಧ ಹೋಗಿದೆ. ತಪ್ಪು ನಮ್ಮಿಂದಾಗಿದೆ. ಈಗ ಐಸಿಯುನಲ್ಲಿದ್ದಾರೆ, ಹೀಗೆ ಹೀಗೆ ಚಿಕಿತ್ಸೆ ನಡೀತಿದೆ. ಹೇಗಾಯಿತು ಅಂತ ವಿಚಾರಿಸ್ತಿದ್ದೇವೆ. ಸಂಜೆ 6ಕ್ಕೆ ಮತ್ತೆ ನಾನೇ ಬಂದು ಹೇಳ್ತೇನೆ." ಸಂಜೆ 6ಕ್ಕೆ ಹೇಳಲು ಹೊಸದೇನೂ ಇಲ್ಲದಿದ್ದರೂ ಬರಬೇಕು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ನಡವಳಿಕೆ ನಿಯಮಗಳಲ್ಲಿ 2002ರಿಂದಲೇ ಇದೆ, ಅದಕ್ಕೆ ಮನೆಯವರು ಗೋಗರೆಯುವಂತೆ ಆಗಬಾರದು. ಆ ದಿನ ಔಷಧ ಲೋಡ್ ಮಾಡಿದ ಸಿಸ್ಟರ್ ಮನೆಗೆ ಒಬ್ಬರೇ ಹೋಗದಂತೆಯೂ ಯಾರಾದರೂ ನೋಡಿಕೊಳ್ಳಬೇಕು. ಅವರೂ ಅಂದು ರಾತ್ರಿ ಕಣ್ಣು ಮುಚ್ಚುವುದಿಲ್ಲ.

ಫಾರಂ ವ್ಯವಸ್ಥೆ ಶುರುವಾದ ಮೊದಲ ಆರು ತಿಂಗಳಲ್ಲಿ ವರದಿಗಳ ಸಂಖ್ಯೆ ಏರುತ್ತದೆ. ಆಡಳಿತ ಮಂಡಳಿಗೆ ಗಾಬರಿ, ನಮ್ಮಲ್ಲಿ ಇಷ್ಟು ತಪ್ಪುಗಳೇ ಎಂದು. ಕೆಲವರು ಆಗಲೇ ಫಾರಂ ನಿಲ್ಲಿಸುತ್ತಾರೆ, ಇನ್ನು ಕೆಲವರು ಕಡಿಮೆ ಘಟನೆ ತೋರಿಸಿದ ವಾರ್ಡಿಗೆ ಬಹುಮಾನ ಘೋಷಿಸುತ್ತಾರೆ. ಎರಡೂ ಒಂದೇ, ಮುಂದಿನ ತಿಂಗಳಿಂದ ಎಲ್ಲ ವಾರ್ಡ್‌ಗಳೂ ಸೊನ್ನೆ ತೋರಿಸುತ್ತವೆ. ನೋಡಬೇಕಾದ ಲೆಕ್ಕ ಬೇರೆ. ಬಂದ ವರದಿಗಳಲ್ಲಿ ರೋಗಿಗೆ ತಲುಪುವ ಮೊದಲೇ ಸಿಕ್ಕಿದವು ಎಷ್ಟು, ಎಷ್ಟಕ್ಕೆ ಒಂದು ವಸ್ತುವೋ ಜಾಗವೋ ಬದಲಾಯಿತು, ಬದಲಾದದ್ದು ಮೂರು ತಿಂಗಳ ಮೇಲೂ ಹಾಗೇ ಇದೆಯೇ. ಮೂರು ತಿಂಗಳು ಒಂದೂ ಫಾರಂ ಬಾರದ ವಾರ್ಡಿಗೆ ಮೆಡಿಕಲ್ ಸೂಪರಿಂಟೆಂಡೆಂಟ್ ತಾವೇ ಹೋಗಿ, ನೈಟ್ ಡ್ಯೂಟಿ ಶುರುವಾಗುವ ಹೊತ್ತಿಗೆ ಸಿಸ್ಟರ್‌ಗಳ ಜೊತೆ ಕೂತು ಕೇಳಬೇಕು: ಕಳೆದ ವಾರ ಒಡೆಯುವ ಮುನ್ನ ವಾಪಸ್ ಇಟ್ಟ ಆಂಪೂಲ್ ಯಾವುದು?